ಶಾಲಾ ಮಕ್ಕಳ ಛಾಯಾಚಿತ್ರ ತೆಗೆಯುವ ಬಗೆ

ವಾರ್ಷಿಕ ಸಂಚಿಕೆ ಕೈಗೆ ಬಂದೊಡನೆ ಮಕ್ಕಳು ಮೊದಲು ತೆರೆಯುವುದು ಭಾವಚಿತ್ರಗಳ ಪುಟವನ್ನು. ಅಲ್ಲಿ ಪ್ರತಿಯೊಬ್ಬ ಬಾಲಕನೂ ಪ್ರತಿಯೊಬ್ಬ ಬಾಲಕಿಯೂ ತನ್ನ ಮುಖವನ್ನೇ ಹುಡುಕುತ್ತಾರೆ. ತಾಯಿತಂದೆಯರು ತಮ್ಮ ಮಗುವಿನ ಮುಖವನ್ನೇ ಹುಡುಕುತ್ತಾರೆ. ಆ ಮುಖವು ಮುಂದಿನವನ ತಲೆಯ ಹಿಂದೆ ಅಡಗಿದ್ದರೆ, ನೆರಳಿನಲ್ಲಿ ಕಪ್ಪಿಟ್ಟಿದ್ದರೆ, ಅಥವಾ ಅಂಚಿನಲ್ಲಿ ಕತ್ತರಿಸಿಹೋಗಿದ್ದರೆ, ಚಿತ್ರವು ಎಷ್ಟು ಅಂದವಾಗಿದ್ದರೂ ಆ ಮನೆಯವರಿಗೆ ಅದರಿಂದ ಸಂತೋಷವಿಲ್ಲ. ಆದುದರಿಂದ ಶಾಲೆಯಲ್ಲಿ ಚಿತ್ರ ತೆಗೆಯುವವರು ಕಲಿಯಬೇಕಾದ ಮೊದಲನೆಯ ಪಾಠವೆಂದರೆ, ಚೌಕಟ್ಟಿನಲ್ಲಿ ಪ್ರತಿ ಮಗುವಿಗೂ ಸ್ಥಳ ದೊರೆಯಬೇಕೆಂಬುದು.

ಚೌಕಟ್ಟಿನೊಳಗೆ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು, ಸೇರಿಸಿದುದನ್ನು ಎಲ್ಲಿ ಇರಿಸಬೇಕು ಎಂಬ ವಿವೇಚನೆಗೆ ಸಂಯೋಜನೆ ಎಂದು ಹೆಸರು. ರಂಗವಲ್ಲಿ ಹಾಕುವವರು ಮೊದಲು ಚುಕ್ಕಿಗಳನ್ನಿಟ್ಟು ಅನಂತರ ಗೆರೆಯೆಳೆಯುವಂತೆ, ಚಿತ್ರ ತೆಗೆಯುವವರೂ ಮೊದಲು ನೋಡಿ ಅನಂತರ ಗುಂಡಿಯನ್ನು ಒತ್ತಬೇಕು. ಇದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕೆಂಬ ನಿಯಮವಿಲ್ಲ. ಮನೆಯಲ್ಲಿರುವ ಮೊಬೈಲ್ ಫೋನಿನಿಂದಲೂ ಈ ಪಾಠವನ್ನು ಅಭ್ಯಾಸಮಾಡಬಹುದು.

ಮೊದಲನೆಯದು ಬೆಳಕು. ನಮ್ಮ ಆದವಾನಿ ಸೀಮೆಯ ಬಿಸಿಲು ಎಲ್ಲರಿಗೂ ತಿಳಿದುದೇ. ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲಿರುವಾಗ ಕಣ್ಣುಗಳ ಕೆಳಗೂ ಮೂಗಿನ ಕೆಳಗೂ ಕಪ್ಪು ನೆರಳು ಬೀಳುತ್ತದೆ. ಸೂರ್ಯನಿಗೆ ಎದುರಾಗಿ ನಿಲ್ಲಿಸಿದರೆ ಮಕ್ಕಳು ಕಣ್ಣು ಕಿರಿದುಮಾಡುತ್ತಾರೆ. ಬೆಳಗಿನ ಪ್ರಾರ್ಥನೆಯ ಹೊತ್ತು ಅಥವಾ ಸಂಜೆಯ ಹೊತ್ತು ಉತ್ತಮ. ಮಧ್ಯಾಹ್ನವೇ ಆಗಬೇಕಾದರೆ ಕಟ್ಟಡದ ನೆರಳಿನಲ್ಲಿ ನಿಲ್ಲಿಸುವುದು ಲೇಸು. ಮರದ ಕೆಳಗಿನ ಚುಕ್ಕೆಚುಕ್ಕೆಯಾದ ಬೆಳಕು ಮುಖಗಳನ್ನು ಕಲೆಗೊಳಿಸುವುದರಿಂದ ಅದು ಅಷ್ಟು ಒಳ್ಳೆಯದಲ್ಲ. ಇನ್ನೊಂದು ಸಂಗತಿ: ಸಾಲುಸಾಲಾಗಿ ಬಿಳಿಯ ಅಂಗಿಗಳಿದ್ದಾಗ, ಯಂತ್ರವು ಆ ಬಿಳುಪನ್ನೇ ಲೆಕ್ಕಕ್ಕೆ ತೆಗೆದುಕೊಂಡು ಇಡೀ ಚಿತ್ರವನ್ನು ಮಬ್ಬುಗೊಳಿಸುವುದುಂಟು. ಆಗ ಕಪ್ಪುಬಣ್ಣದ ಮಕ್ಕಳ ಮುಖಲಕ್ಷಣಗಳೇ ಮೊದಲು ಮರೆಯಾಗುತ್ತವೆ. ಫೋನಿನ ತೆರೆಯ ಮೇಲೆ ಮುಖವಿರುವೆಡೆಯನ್ನು ಮುಟ್ಟಿ ಬೆಳಕನ್ನು ಸ್ವಲ್ಪ ಹೆಚ್ಚಿಸಿದರೆ ಈ ದೋಷವು ನೀಗುತ್ತದೆ.

ಎರಡನೆಯದು ಕ್ಯಾಮೆರಾದ ಎತ್ತರ. ದೊಡ್ಡವರು ನಿಂತಲ್ಲಿಂದಲೇ ಚಿತ್ರ ತೆಗೆದರೆ ಒಂದನೆಯ ತರಗತಿಯ ಮಗುವಿನ ತಲೆ ದೊಡ್ಡದಾಗಿಯೂ ಕಾಲು ಗಿಡ್ಡವಾಗಿಯೂ ಕಾಣುತ್ತದೆ. ಮೊಣಕಾಲೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಆಗ ಮಗು ನಮ್ಮನ್ನು ಸರಿಸಮನಾಗಿ ನೋಡುತ್ತದೆ.

ಮೂರನೆಯದು ಸ್ಥಾನ. ಚೌಕಟ್ಟನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಮೂರು ಮೂರು ಭಾಗಗಳನ್ನಾಗಿ ಮಾಡಿರೆಂದು ಭಾವಿಸಿರಿ. ಒಂಟಿ ಮಗುವಿನ ಚಿತ್ರದಲ್ಲಿ ಕಣ್ಣುಗಳು ಮೇಲಿನ ಅಡ್ಡಗೆರೆಯ ಬಳಿ ಬಂದರೆ ನೋಟಕ್ಕೆ ಹಿತವೆನಿಸುತ್ತದೆ. ಈ ಮೂರು ಪಾಲಿನ ಸೂತ್ರವನ್ನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಚಿತ್ರಕಾರನು 1797ರಲ್ಲಿಯೇ ಗ್ರಂಥವೊಂದರಲ್ಲಿ ಬರೆದನು. ಆಗ ಛಾಯಾಚಿತ್ರವೇ ಹುಟ್ಟಿರಲಿಲ್ಲ. ಮಗು ಓದುತ್ತಿದ್ದರೆ ಅದು ನೋಡುವ ದಿಕ್ಕಿನಲ್ಲಿ ಹೆಚ್ಚು ತೆರವನ್ನು ಬಿಡಬೇಕು. ತಲೆಯ ಹಿಂದೆ ಧ್ವಜಸ್ತಂಭವೋ ವಿದ್ಯುತ್ ಕಂಬವೋ ಇದ್ದರೆ ಅದು ತಲೆಯಿಂದಲೇ ಮೊಳೆತಂತೆ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು. ಹಿನ್ನೆಲೆಯು ಮಾತನಾಡುವುದೂ ಉಂಟು. ಕನ್ನಡ ಅಕ್ಷರಗಳನ್ನು ಬರೆದ ಕರಿಹಲಗೆ, ದೂರದ ಕೋಟೆಯ ಬಂಡೆಗಲ್ಲಿನ ಬೆಟ್ಟ, ಇವು ಚಿತ್ರಕ್ಕೆ ಊರಿನ ಗುರುತನ್ನು ಕೊಡುತ್ತವೆ. ಆದರೆ ಫೋನಿನ ಮುಂಭಾಗದ ಕ್ಯಾಮೆರಾ ಕೆಲವೊಮ್ಮೆ ಕನ್ನಡಿಯಂತೆ ಅಕ್ಷರಗಳನ್ನು ತಿರುಗುಮುರುಗಾಗಿ ಉಳಿಸುವುದರಿಂದ, ಹಲಗೆಯ ಮುಂದೆ ಹಿಂಭಾಗದ ಕ್ಯಾಮೆರಾವನ್ನೇ ಬಳಸಬೇಕು.

ನಾಲ್ಕನೆಯದು ಗುಂಪಿನ ಚಿತ್ರ. 40 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಎಲ್ಲರ ಮುಖವೂ ಚಿಕ್ಕದಾಗುತ್ತದೆ. ಕೆಲವರು ನೆಲದ ಮೇಲೆ, ಕೆಲವರು ಬೆಂಚಿನ ಮೇಲೆ ಕುಳಿತುಕೊಳ್ಳಲಿ. ಕೆಲವರು ಅವರ ಹಿಂದೆ ನಿಲ್ಲಲಿ. ಹಿಂದಿನವರ ಮುಖವು ಮುಂದಿನ ಇಬ್ಬರ ಭುಜಗಳ ನಡುವಿನ ತೆರವಿನಲ್ಲಿ ಬರಬೇಕು. ಸಾಲನ್ನು ಬಿಲ್ಲಿನಂತೆ ತುಸು ಬಾಗಿಸಿದರೆ ಕೊನೆಯಲ್ಲಿರುವವರೂ ಕ್ಯಾಮೆರಾದಿಂದ ಸಮದೂರದಲ್ಲಿರುತ್ತಾರೆ. ಬಹಳ ಹತ್ತಿರದಿಂದ ಅಗಲದ ನೋಟದಲ್ಲಿ ತೆಗೆದರೆ ಅಂಚಿನ ಮಕ್ಕಳ ಮುಖಗಳು ಎಳೆದಂತಾಗುತ್ತವೆ. ಆದುದರಿಂದ ಹಿಂದಕ್ಕೆ ಸರಿದು ನಿಲ್ಲಬೇಕು. ಮಕ್ಕಳಿಗೆ ಹೀಗೆ ಹೇಳಿರಿ: “ನಿನಗೆ ಕ್ಯಾಮೆರಾದ ಕಣ್ಣು ಕಾಣಿಸಿದರೆ, ಅದಕ್ಕೂ ನೀನು ಕಾಣಿಸುತ್ತೀಯೆ.” ಕಾಣದವನು ತಾನೇ ಸರಿದುಕೊಳ್ಳುತ್ತಾನೆ. ಯಾರಾದರೂ ಕಣ್ಣು ಮುಚ್ಚಿರಬಹುದಾದ ಕಾರಣ ನಾಲ್ಕೈದು ಚಿತ್ರಗಳನ್ನು ತೆಗೆಯುವುದು ಒಳಿತು.

ಐದನೆಯದು ಕ್ಷಣ. ಮೈಸೂರಿನ ಟಿ. ಎಸ್. ಸತ್ಯನ್ ಅವರು (1923–2009) ಮಕ್ಕಳ ಚಿತ್ರಗಳಿಗೆ ಹೆಸರಾದವರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು. ಅವರು ಹುಡುಕಿದ್ದು ಸಾಮಾನ್ಯರ ದಿನನಿತ್ಯದ ಬದುಕನ್ನು. ನಾವೂ ಸಾಲಿನ ಚಿತ್ರದಷ್ಟಕ್ಕೇ ತೃಪ್ತರಾಗದೆ, ಲೆಕ್ಕ ಬಿಡಿಸುವಾಗ ತುಟಿ ಕಚ್ಚಿಕೊಂಡ ಹುಡುಗಿಯನ್ನೂ, ಗೆಳೆಯನಿಗೆ ನೀರು ಹಾಕುವ ಹುಡುಗನನ್ನೂ ಗಮನಿಸಬೇಕು. ಇದಕ್ಕೆ ತಾಳ್ಮೆ ಬೇಕು. ಒಲ್ಲೆನೆಂದ ಮಗುವನ್ನು ಬಲವಂತಪಡಿಸಲಾಗದು; ತಾಯಿತಂದೆಯರ ಒಪ್ಪಿಗೆಯಿಲ್ಲದೆ ಚಿತ್ರವನ್ನು ಹೊರಗಿನವರಿಗೆ ಹಂಚಲೂ ಆಗದು.

ಕೊನೆಯ ಮಾತೊಂದು ಉಳಿದಿದೆ. ಆದವಾನಿ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ವರ್ಷ ಅಕ್ಟೋಬರ್ 1ರಂದು ಅದು ಆಂಧ್ರ ರಾಜ್ಯಕ್ಕೆ ಸೇರಿತು. ಗಡಿಯ ಈಚೆಗೆ ಮಕ್ಕಳು ಕನ್ನಡದಲ್ಲಿ ಕಲಿತರೆಂಬುದಕ್ಕೆ ಹಾಜರಿ ಪುಸ್ತಕದಂತೆಯೇ ತರಗತಿಯ ಚಿತ್ರವೂ ಒಂದು ಸಾಕ್ಷಿ. ಆದರೆ ಹೆಸರಿಲ್ಲದ ಚಿತ್ರವು ಐವತ್ತು ವರ್ಷಗಳ ಬಳಿಕ ಮೂಕವಾಗುತ್ತದೆ. ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಎಲ್ಲರ ಹೆಸರನ್ನೂ ತರಗತಿಯನ್ನೂ ವರ್ಷವನ್ನೂ ಕನ್ನಡದಲ್ಲಿ ಬರೆದಿಡುವುದು ಚಿತ್ರ ತೆಗೆಯುವ ಕೆಲಸದ ಕಡೆಯ ಭಾಗವೆಂದು ನಾವು ತಿಳಿಯುತ್ತೇವೆ. ವಿದ್ಯಾರ್ಥಿಗಳೇ, ಈ ಕೆಲಸವನ್ನು ನೀವೇ ವಹಿಸಿಕೊಳ್ಳಿರಿ. ಒಂದು ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳಿರಿ.