ಮೊಲಕ್ಕೆ ನಾಲ್ಕು ಕಾಲು

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಪ್ರಾಣಿ ಕಣ್ಣೆದುರಿಗೇ ಇದ್ದರೂ ಅದನ್ನು ನೋಡದೆ ತನ್ನ ಮಾತನ್ನೇ ಸಾಧಿಸುವ ಹಠಮಾರಿಯನ್ನು ಕುರಿತು ನಮ್ಮ ಹಿರಿಯರು ಆಡಿದ ಮಾತಿದು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಮೊಲವನ್ನು ಸಾಕಿದಾಗ ಆ ಹಠಮಾರಿ ನಾವೇ ಆಗಿದ್ದೆವು. ಈಗ ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು, “ಸರ್, ನಾವೂ ಮೊಲ ಸಾಕಬಹುದೇ?” ಎಂದು ಕೇಳುತ್ತಿರುವುದರಿಂದ, ನಾವು ತಪ್ಪಿ ಕಲಿತುದನ್ನು ಇಲ್ಲಿ ಹೇಳುವುದು ಉಚಿತವೆಂದು ತೋರಿತು.

ಹೊಲದ ಮೊಲ, ಮನೆಯ ಮೊಲ

ವಿಜಯಪುರ ಜಿಲ್ಲೆಯ ನಮ್ಮ ಊರಿನಲ್ಲಿ ಜೋಳದ ಕೊಯ್ಲಿನ ಕಾಲಕ್ಕೆ ಕಂದುಬಣ್ಣದ ಮೊಲವು ಹೊಲದಿಂದ ಚಿಮ್ಮಿ ಓಡುವುದನ್ನು ಬಾಲ್ಯದಲ್ಲಿ ಕಂಡಿದ್ದೇವೆ. ಪೇಟೆಯಲ್ಲಿ ಮಾರುವ ಬಿಳಿಯ ಮೊಲವೂ ಅದೇ ಎಂದು ನಾವು ಭಾವಿಸಿದ್ದೆವು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿದ್ದರೂ ಅವು ಬೇರೆ ಬೇರೆ ಜಾತಿಯ ಪ್ರಾಣಿಗಳು. ಹೊಲದ ಮೊಲವು ಬಿಲ ತೋಡದೆ ಪೊದೆಯ ಮರೆಯಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಬಾಳುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ. ಮೈಮೇಲೆ ಕೂದಲೂ ಇರುತ್ತದೆ. ಸಾಕುಮೊಲದ ಪೂರ್ವಜರಾದರೋ ಸ್ಪೇನ್, ಪೋರ್ಚುಗಲ್ ದೇಶಗಳ ಕಡೆಯವು. ಅವು ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುವಂಥವು. ಅವುಗಳ ಮರಿಗಳು ಕಣ್ಣು ಮುಚ್ಚಿ, ಬರಿಮೈಯಲ್ಲಿ ಹುಟ್ಟುತ್ತವೆ. ಆದುದರಿಂದ ಸಾಕುಮೊಲಕ್ಕೆ ಜೊತೆಯೂ ಬೇಕು, ಅಡಗಲು ಮರೆಯೂ ಬೇಕು. ಹೊಲದ ಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ರಜೆಯಲ್ಲಿ ಊರಿಗೆ ಹೋದಾಗ ಅದರ ಮರಿ ಸಿಕ್ಕಿತೆಂದು ಹಿಡಿದು ತರಬಾರದು.

ಆಹಾರ

ಮೊಲಕ್ಕೆ ಗಜ್ಜರಿಯೇ ಮುಖ್ಯ ಆಹಾರವೆಂಬುದು ಚಿತ್ರಪುಸ್ತಕಗಳಿಂದ ಬಂದ ತಪ್ಪು ತಿಳಿವಳಿಕೆ. ಗಜ್ಜರಿಯಲ್ಲಿ ಸಕ್ಕರೆಯ ಅಂಶ ಹೆಚ್ಚು. ವಾರಕ್ಕೆ ಒಂದೆರಡು ತುಂಡು ಸಾಕು. ಅದರ ನಿಜವಾದ ಆಹಾರ ಹುಲ್ಲು. ಮೊಲದ ಬಾಯಲ್ಲಿ 28 ಹಲ್ಲುಗಳಿವೆ; ಅವೆಲ್ಲವೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲುಗಳು ವಾರಕ್ಕೆ ಸುಮಾರು ಎರಡು ಮಿಲಿಮೀಟರಿನಷ್ಟು ಬೆಳೆಯುವುವು. ಒರಟಾದ ಹುಲ್ಲನ್ನು ದಿನವಿಡೀ ಅಗಿದರೆ ಮಾತ್ರ ಅವು ಸವೆಯುತ್ತವೆ. ಸವೆಯದೆ ಬೆಳೆದ ಹಲ್ಲು ಕೆನ್ನೆಗೂ ನಾಲಿಗೆಗೂ ಚುಚ್ಚಿ, ಪ್ರಾಣಿಯು ಹಸಿದಿದ್ದರೂ ತಿನ್ನಲಾರದೆ ಹೋಗುತ್ತದೆ.

ಒಣಹುಲ್ಲು ಸದಾಕಾಲವೂ ಮೊಲದ ಮುಂದಿರಬೇಕು. ಹಸಿಯ ಗರಿಕೆಯೂ ಅದಕ್ಕೆ ಬಲು ಪ್ರಿಯ. ಡೊಂಬಿವಲಿಯ ಗಣಪತಿ ದೇವಾಲಯದ ಬಳಿ ಹೂವಿನವರು ದೂರ್ವೆಯೆಂದು ಮಾರುವುದು ಇದನ್ನೇ. ಅದನ್ನು ಚೆನ್ನಾಗಿ ತೊಳೆದು ಕೊಡಬಹುದು. ಕಾರ್ಖಾನೆಗಳ ನಡುವಿನ ರಸ್ತೆಯ ಬದಿಯಲ್ಲಿಯೂ ರೈಲುಹಳಿಯ ಪಕ್ಕದಲ್ಲಿಯೂ ಬೆಳೆದ ಹುಲ್ಲನ್ನು ಮಾತ್ರ ಕಿತ್ತು ತರಬಾರದು. ಕೊತ್ತಂಬರಿ, ಪುದೀನ, ಮೂಲಂಗಿಯ ಎಲೆ ಇವುಗಳನ್ನು ದಿನಕ್ಕೊಂದು ಹಿಡಿ ಕೊಡಬಹುದು. ಬ್ರೆಡ್ಡು, ಬಿಸ್ಕತ್ತು, ಅನ್ನ, ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು ಸರ್ವಥಾ ಸಲ್ಲವು. ಶುದ್ಧವಾದ ನೀರು ಯಾವಾಗಲೂ ಬಟ್ಟಲಿನಲ್ಲಿರಲಿ.

ಮೊಲವು ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಅಸಹ್ಯಪಡಬೇಡಿರಿ. ಹಸುವು ಮೆಲುಕು ಹಾಕಿ ಪಡೆಯುವ ಪ್ರಯೋಜನವನ್ನೇ ಮೊಲವು ಹೀಗೆ ಪಡೆಯುತ್ತದೆ.

ವಸತಿ

ಅಂಗಡಿಯವರು ಕೊಡುವ ತಂತಿಯ ಪಂಜರದಲ್ಲಿ ಮೊಲವು ನೆಟ್ಟಗೆ ನಿಲ್ಲಲೂ ಆಗದು. ಅದರ ಅಂಗಾಲಿನಲ್ಲಿ ನಾಯಿಬೆಕ್ಕುಗಳಿಗಿರುವಂತಹ ಮೆತ್ತೆಯಿಲ್ಲ, ಕೂದಲಷ್ಟೇ ಇದೆ. ತಂತಿಯ ಮೇಲೆ ನಿಂತು ನಿಂತು ಅಲ್ಲಿ ಹುಣ್ಣಾಗುತ್ತದೆ. ಆದುದರಿಂದ ಕೋಣೆಯ ಒಂದು ಮೂಲೆಗೆ ಗೋಣಿಚೀಲವನ್ನೋ ಚಾಪೆಯನ್ನೋ ಹಾಸಿ, ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟರೆ ಅದೇ ಅದಕ್ಕೆ ಬಿಲವಾಗುತ್ತದೆ. ದಿನಕ್ಕೆ ಕೆಲವು ಗಂಟೆಗಳ ಕಾಲ ಮನೆಯೊಳಗೆ ಓಡಾಡಲು ಬಿಡಬೇಕು. ಆಗ ವಿದ್ಯುತ್ತಿನ ತಂತಿಗಳನ್ನು ಎತ್ತರದಲ್ಲಿರಿಸಬೇಕು. ಅದು ಕಂಡುದನ್ನೆಲ್ಲ ಕಡಿಯುವ ಪ್ರಾಣಿ.

ನಮ್ಮ ಈ ಸೀಮೆಯ ಹವೆ ಮೊಲಕ್ಕೆ ಒಗ್ಗುವಂಥದಲ್ಲ. ಅದಕ್ಕೆ ನಮ್ಮಂತೆ ಬೆವರು ಬಾರದು. ಮೈಯ ಕಾವು ಹೆಚ್ಚಾಗಿ ಕಿವಿಗಳ ಮೂಲಕವೇ ಹೊರಹೋಗಬೇಕು. ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಅಪಾಯ. ಕಲ್ಯಾಣ, ಡೊಂಬಿವಲಿಗಳಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗಿನ ಮಧ್ಯಾಹ್ನಗಳು ಅದಕ್ಕಿಂತ ಹೆಚ್ಚು ಕಾಯುವುದನ್ನು ನೀವು ಬಲ್ಲಿರಿ. ಆಗ ಅದನ್ನು ಬಾಲ್ಕನಿಯಲ್ಲಿಡದೆ ಒಳಗಿನ ತಂಪಾದ ಹಾಸುಗಲ್ಲಿನ ಮೇಲೆ ಬಿಡಬೇಕು. ಬಾಟಲಿಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಹಿಡಿಯುವುದು; ಅಂತಹ ಹುಲ್ಲನ್ನು ಎಸೆದುಬಿಡಬೇಕು. ಸ್ನಾನವಂತೂ ಎಂದಿಗೂ ಬೇಡ. ಮೈ ತೊಯ್ದರೆ ಚಳಿಯಿಂದಲೂ ಭೀತಿಯಿಂದಲೂ ಮೊಲವು ಸಾಯುವುದುಂಟು.

ಆರೋಗ್ಯ

ನಮ್ಮ ಮೊದಲ ಮೊಲಕ್ಕೆ ನಮ್ಮ ಮಗಳು ‘ಅರಳೆ’ ಎಂದು ಹೆಸರಿಟ್ಟಿದ್ದಳು. ಒಂದು ಶನಿವಾರ ಸಂಜೆ ಅದು ಸೊಪ್ಪನ್ನು ಮುಟ್ಟಲಿಲ್ಲ. ಸೆಕೆಯಿಂದ ಬಳಲಿದೆ ಎಂದುಕೊಂಡೆವು. ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು, “ರೀ, ನಿನ್ನೆಯಿಂದ ಇದು ಹಿಕ್ಕೆಯನ್ನೂ ಹಾಕಿಲ್ಲ, ಡಾಕ್ಟರಿಗೆ ತೋರಿಸೋಣ” ಎಂದರು. “ಒಂದು ದಿನ ಉಪವಾಸವಿದ್ದರೆ ತಾನೇ ಸರಿಹೋಗುತ್ತದೆ, ಊರಲ್ಲಿ ಎಷ್ಟು ದನಕರುಗಳನ್ನು ನೋಡಿಲ್ಲ” ಎಂದು ನಾವು ಉತ್ತರಕೊಟ್ಟೆವು. ಸೋಮವಾರ ಸಂಜೆ ಶಾಲೆಯಿಂದ ಮರಳಿದಾಗ ಮಗಳು ಬಾಗಿಲಲ್ಲಿಯೇ ನಿಂತಿದ್ದಳು. ಅರಳೆಯನ್ನು ಅವಳ ಹಳೆಯ ಲಂಗದಲ್ಲಿ ಸುತ್ತಿಟ್ಟಿದ್ದರು.

ಮೊಲದ ಕರುಳಿನ ಚಲನೆ ನಿಲ್ಲಬಾರದೆಂಬುದನ್ನು ನಾವು ಅನಂತರ ಪಶುವೈದ್ಯರಿಂದ ತಿಳಿದೆವು. ಹನ್ನೆರಡು ಗಂಟೆಗಳ ಕಾಲ ಅದು ಏನನ್ನೂ ತಿನ್ನದೆ ಹಿಕ್ಕೆ ಹಾಕದೆ ಇದ್ದರೆ ಪ್ರಾಣಕ್ಕೇ ಅಪಾಯವೆಂದು ಬಗೆದು ಒಡನೆಯೇ ವೈದ್ಯರ ಬಳಿಗೆ ಒಯ್ಯಬೇಕು. ಕಾಡಿನಲ್ಲಿ ನರಳುವ ಪ್ರಾಣಿಯೇ ಬೇಟೆಗೆ ಮೊದಲು ಸಿಕ್ಕುವುದಾದುದರಿಂದ ಮೊಲವು ನೋವನ್ನು ಮರೆಸಿಡುತ್ತದೆ. ಮೂಲೆ ಹಿಡಿದು ಮುದುಡಿ ಕೂರುವುದು, ಗಟ್ಟಿಯಾಗಿ ಹಲ್ಲು ಕಡಿಯುವುದು, ಹಿಕ್ಕೆ ಸಣ್ಣದಾಗುವುದು, ತಲೆ ಓರೆಯಾಗುವುದು, ಮೂಗು ಸೋರುವುದು ಇವೇ ನಮಗೆ ಕಾಣುವ ಗುರುತುಗಳು. ಮನೆಯಲ್ಲಿರುವ ಮನುಷ್ಯರ ಔಷಧವನ್ನು ಕೊಡಲೇಬಾರದು. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ವರ್ಗದ ಔಷಧ ಮೊಲವನ್ನು ಕೊಲ್ಲಬಲ್ಲುದು. ಎಲ್ಲ ಪಶುವೈದ್ಯರಿಗೂ ಮೊಲದ ಚಿಕಿತ್ಸೆಯಲ್ಲಿ ಅನುಭವವಿರದ ಕಾರಣ, ಬಲ್ಲ ವೈದ್ಯರು ನಿಮ್ಮ ಊರಿನಲ್ಲಿ ಯಾರೆಂದು ಮೊಲವನ್ನು ತರುವ ಮೊದಲೇ ವಿಚಾರಿಸಿಡಬೇಕು. ಪರೇಲಿನಲ್ಲಿ ಬಾಯಿ ಸಕ್ಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯು ಹತ್ತೊಂಬತ್ತನೆಯ ಶತಮಾನದಿಂದಲೂ ನಡೆದುಬಂದಿದೆ.

ಸ್ನೇಹ

ಒಂದು ವರ್ಷ ಕಳೆದ ಮೇಲೆ, ಮನೆ ಬದಲಿಸಿದ ವಿದ್ಯಾರ್ಥಿಯೊಬ್ಬನ ಮನೆಯಿಂದ ಎರಡು ಮೊಲಗಳು ನಮ್ಮಲ್ಲಿಗೆ ಬಂದವು. ಈ ಬಾರಿ ನಾವು ಅವನ್ನು ಎತ್ತಿಕೊಳ್ಳಲು ಅವಸರಪಡಲಿಲ್ಲ. ಮೇಲಿನಿಂದ ಬರುವ ಕೈ ಮೊಲಕ್ಕೆ ಹದ್ದಿನಂತೆ ತೋರುವುದು. ಹಿಂಗಾಲಿಗೆ ಆಸರೆಯಿಲ್ಲದೆ ಎತ್ತಿದರೆ ಒದೆಯುವ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಮಗಳು ದಿನವೂ ನೆಲದ ಮೇಲೆ ಕುಳಿತು ತನ್ನ ಪಾಠವನ್ನು ಓದುತ್ತಿದ್ದಳು. ಸುಮಾರು ಮೂರು ವಾರಗಳಾದ ಮೇಲೆ ಒಂದು ಮೊಲ ತಾನಾಗಿಯೇ ಬಂದು ಅವಳ ಕೈಯನ್ನು ನೆಕ್ಕಿತು. ಗಲ್ಲವನ್ನು ವಸ್ತುಗಳಿಗೆ ತಿಕ್ಕಿದರೆ ‘ಇದು ನನ್ನದು’ ಎಂದೂ, ಹಿಂಗಾಲಿನಿಂದ ನೆಲಕ್ಕೆ ಬಡಿದರೆ ‘ಅಪಾಯ’ ಎಂದೂ, ಗಾಳಿಯಲ್ಲಿ ನೆಗೆದು ಮೈ ತಿರುಚಿದರೆ ‘ಸಂತೋಷ’ ಎಂದೂ ಅರ್ಥವೆಂದು ಅವಳು ಕಲಿತಿದ್ದಾಳೆ.

ಗಂಡುಹೆಣ್ಣುಗಳನ್ನು ಕೂಡಿ ಸಾಕುವುದಾದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಅವಶ್ಯಕ. ಏಕೆಂದರೆ ನಾಲ್ಕಾರು ತಿಂಗಳಿಗೇ ಅವು ಪ್ರಾಯಕ್ಕೆ ಬರುವುವು; ಗರ್ಭದ ಅವಧಿ ಒಂದೇ ತಿಂಗಳು. ಹೊಸಬ ಎರಡು ಮೊಲಗಳನ್ನು ಒಮ್ಮೆಲೇ ಕೂಡಿಬಿಟ್ಟರೆ ಕಚ್ಚಾಡುತ್ತವೆ. ಮೊದಲು ಜಾಲರಿಯ ಅಡ್ಡವಿಟ್ಟು ಪರಸ್ಪರ ವಾಸನೆಯ ಪರಿಚಯ ಮಾಡಿಸಬೇಕು.

ವಿದ್ಯಾರ್ಥಿಮಿತ್ರರೇ, ಸರಿಯಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಇಂದು ಐದನೆಯ ತರಗತಿಯಲ್ಲಿರುವವನು ಕಾಲೇಜಿಗೆ ಹೋಗುವಾಗಲೂ ಅದು ಮನೆಯಲ್ಲಿರುವುದು. ರಜೆಗೆ ಊರಿಗೆ ಹೊರಟಾಗ ಅದನ್ನು ನೋಡುವವರಾರು, ಮೇ ತಿಂಗಳಲ್ಲಿ ಅದಕ್ಕೆ ನೆರಳೆಲ್ಲಿ ಎಂಬುದನ್ನು ತಂದೆತಾಯಿಗಳೊಡನೆ ಕುಳಿತು ಯೋಚಿಸಿರಿ. ಉತ್ತರ ದೊರೆಯದಿದ್ದರೆ ಮೊಲವನ್ನು ತರಬೇಡಿರಿ. ತಂದಮೇಲೆ ಪ್ರತಿ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅದರ ಹುಲ್ಲನ್ನೂ ಹಿಕ್ಕೆಯನ್ನೂ ನೋಡಿ, ಎರಡೂ ಸರಿಯಾಗಿವೆಯೆಂದು ಖಚಿತಮಾಡಿಕೊಂಡು ಬನ್ನಿರಿ. ನಮ್ಮ ಮನೆಯಲ್ಲಿ ಈಗ ಆ ಕೆಲಸ ನಮ್ಮದೇ.