ರಹಾಬಳಿಗೆ ಸ್ಥಳ ಎಲ್ಲಿ?

ಪಾಠಭಾಗ: ಯಾಕೋಬನ ಪತ್ರಿಕೆ 2, ಯೆಹೋಶುವ 2 ಮತ್ತು 6

ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದ ಆರಂಭವನ್ನು ನೀವು ಅನೇಕಾವರ್ತಿ ಕೇಳಿದ್ದೀರಿ. ಚಿನ್ನದ ಉಂಗುರವಿಟ್ಟವನೊಬ್ಬನೂ ಕೊಳೆಬಟ್ಟೆಯ ಬಡವನೊಬ್ಬನೂ ಕೂಟಕ್ಕೆ ಬರುತ್ತಾರೆ; ಮೊದಲನೆಯವನಿಗೆ ಒಳ್ಳೇ ಪೀಠ, ಎರಡನೆಯವನಿಗೆ ಕಾಲ ಬಳಿಯ ನೆಲ. ಇದನ್ನು ಓದುವಾಗ ನಾವು ಊರ ಸಾವಕಾರರನ್ನು ನೆನಸಿ, ನಮ್ಮಲ್ಲಿ ಉಂಗುರದವರೇ ಇಲ್ಲವಾದದರಿಂದ ಈ ಮಾತು ನಮಗಲ್ಲವೆಂದು ಸಮಾಧಾನ ಹೊಂದುವದುಂಟು. ಆದರೆ ಅದೇ ಅಧ್ಯಾಯವನ್ನು ಕಡೇ ತನಕ ಓದುವವರು ಕಡಿಮೆ. ಅಲ್ಲಿ ಯಾಕೋಬನು ಕ್ರಿಯೆಯುಳ್ಳ ನಂಬಿಕೆಗೆ ಇಬ್ಬರನ್ನು ದೃಷ್ಟಾಂತವಾಗಿ ನಿಲ್ಲಿಸುತ್ತಾನೆ: ಒಬ್ಬನು ಪಿತೃವಾದ ಅಬ್ರಹಾಮನು, ಮತ್ತೊಬ್ಬಳು ಯೆರಿಕೋ ಪಟ್ಟಣದ ವೇಶ್ಯೆಯಾದ ರಹಾಬಳು. ಪಕ್ಷಪಾತ ಬೇಡವೆಂದು ಬರೆದವನು ತಾನೇ ಆಕೆಯನ್ನು ಅಬ್ರಹಾಮನ ಪಕ್ಕದಲ್ಲಿ ಕುಳ್ಳಿರಿಸಿದನು.

ಯರಗಟ್ಟಿ ಸವದತ್ತಿಗಳ ಸೀಮೆಯಲ್ಲಿರುವ ನಮಗೆ ಈ ಪಾಠವು ದೂರದ್ದಲ್ಲ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನರಲ್ಲಿ ಬಹುತೇಕರು ಹರಕೆ ತೀರಿಸಿ ಮನೆಗೆ ತಿರುಗುವವರು; ಅವರ ವಿಷಯ ಇಲ್ಲಿ ಹೇಳುವದಿಲ್ಲ. ಎಳೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ವಿಷಯ ಹೇಳುತ್ತೇನೆ. ಇದನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ಒಂದು ಕಾನೂನಾಯಿತು, ಕರ್ನಾಟಕದಲ್ಲಿ 1982ರಲ್ಲಿ ಮತ್ತೊಂದು. ಆದಾಗ್ಯೂ 1993-94ರಲ್ಲಿ ಸರಕಾರದವರು ಎಣಿಸಿದಾಗ ಇಂಥ ಸ್ತ್ರೀಯರು 22,873 ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ಯಾವ ಕೇರಿಗಳವರು? ನಮ್ಮಲ್ಲಿ ಅನೇಕರ ಅಜ್ಜ ಅಜ್ಜಿಯರು ಯಾವ ಕೇರಿಗಳಿಂದ ಎದ್ದು ಸಭೆಗೆ ಬಂದರೋ ಆ ಕೇರಿಗಳವರೇ. ಕಾನೂನು ಮುತ್ತು ಕಟ್ಟಿದವರನ್ನು ಶಿಕ್ಷಿಸಬಲ್ಲದು. ಮುತ್ತು ಬಿಚ್ಚಿದವಳ ಪಕ್ಕದಲ್ಲಿ ಕುಳಿತುಕೊಳ್ಳಿರಿ ಎಂದು ನಮಗೆ ಅಪ್ಪಣೆ ಕೊಡಲಾರದು.

ಅಂಥವಳು ಆರಾಧನೆಗೆ ಬಂದಳೆನ್ನಿರಿ. ಚಪ್ಪಲಿಗಳ ಬಳಿಯಲ್ಲಿ ಕೂಡ್ರುತ್ತಾಳೆ. ಯಾರೂ ಬಯ್ಯುವದಿಲ್ಲ, ಹತ್ತಿರದವರು ಸೆರಗನ್ನು ಎಳೆದುಕೊಳ್ಳುತ್ತಾರೆ, ಅಷ್ಟೇ. ಕೂಟ ಮುಗಿದ ಮೇಲೆ ಯಾರಾದರೂ ಆಕೆಯ ಕೂಸನ್ನು ಕರೆದು, ನಿಮ್ಮಪ್ಪ ಯಾರೆಂದು ಕೇಳುತ್ತಾರೆ. ಮುಂದಿನ ಆದಿತ್ಯವಾರ ಆಕೆ ಬರುವದಿಲ್ಲ. ಆಕೆಗೆ ನಂಬಿಕೆ ಸಾಲದೆಂದು ನಾವು ಹೇಳುತ್ತೇವೆ.

ಸ್ಥಳದ ಮಾತು ಸಣ್ಣದೆಂದು ತೋರಬಹುದು. ತಮಿಳು ಸೀಮೆಯ ಸಭೆಗಳಲ್ಲಿ ಜಾತಿಗೊಂದು ಸ್ಥಳವಿದ್ದದನ್ನು ಬಿಡಬೇಕೆಂದು 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನರು ಆಜ್ಞಾಪಿಸಿದಾಗ, ಅನೇಕರು ಸ್ಥಳವನ್ನು ಬಿಡದೆ ಸಭೆಯನ್ನೇ ಬಿಟ್ಟರು.

ಹಿರಿಯರಲ್ಲಿ ಕೆಲವರು, ಇಂಥವರನ್ನು ಸೇರಿಸಿಕೊಂಡರೆ ಸಭೆಯ ಹೆಸರು ಕೆಡುವದಲ್ಲವೇ, ಮೊದಲು ಪಶ್ಚಾತ್ತಾಪ ಬೇಡವೇ ಅನ್ನುತ್ತಾರೆ. ಪಶ್ಚಾತ್ತಾಪವು ನಮ್ಮೆಲ್ಲರಿಗೂ ಬೇಕು. ಆದರೆ ಹತ್ತು ವರುಷದ ಕೂಸಿಗೆ ಮುತ್ತು ಕಟ್ಟಿದ ಪಾಪವನ್ನು ಆ ಕೂಸಿನ ಲೆಕ್ಕಕ್ಕೆ ಬರೆಯುವದು ನ್ಯಾಯವೋ? ಮತ್ತು ರಹಾಬಳನ್ನು ನೋಡಿರಿ. ಮೊದಲು ಅತಿಥಿಸತ್ಕಾರ ಮಾಡಿದವಳು ಆಕೆಯೇ. ದೇವಜನರ ಗೂಢಚಾರರನ್ನು ಮಾಳಿಗೆಯ ಮೇಲೆ ಅಗಸಿಯ ಕಡ್ಡಿಗಳೊಳಗೆ ಬಚ್ಚಿಟ್ಟಳು (ನಾವು ಚಟ್ನಿಪುಡಿ ಕುಟ್ಟುವ ಅಗಸಿಯ ಜಾತಿಯದೇ). ತನ್ನೊಬ್ಬಳ ಪ್ರಾಣವನ್ನಲ್ಲ, ತಂದೆ ತಾಯಿ ಅಣ್ಣತಮ್ಮ ಅಕ್ಕತಂಗಿಯರ ಪ್ರಾಣವನ್ನು ಬೇಡಿಕೊಂಡಳು. ದುಡಿದು ಮನೆಮಂದಿಯನ್ನೆಲ್ಲಾ ಸಾಕುವ ಅಂಥ ಹೆಂಗಸರನ್ನು ನಾವು ನಮ್ಮ ಹಳ್ಳಿಗಳಲ್ಲಿಯೂ ಬಲ್ಲೆವು.

ಯೆಹೋಶುವನ ಪುಸ್ತಕದ ಆರನೆಯ ಅಧ್ಯಾಯದ 23ನೆಯ ವಚನವನ್ನು ತೆರೆದು ನೋಡಿರಿ: ಆಕೆಯನ್ನೂ ಆಕೆಯ ಮನೆಯವರನ್ನೂ ತಂದು ಪಾಳೆಯದ ಹೊರಗೆ ಇಳಿಸಿದರು. ಎರಡು ವಚನ ದಾಟಿದರೆ, ಆಕೆ ಇಸ್ರಾಯೇಲ್ಯರ ಮಧ್ಯದಲ್ಲಿ ವಾಸಮಾಡಿದಳೆಂದು ಬರೆದದೆ. ನಮ್ಮ ಸಭೆಗಳು 23ನೆಯ ವಚನಕ್ಕೆ ಬಂದು ನಿಂತಿವೆ.

ಮಧ್ಯಕ್ಕೆ ಕರೆಯುವ ಕೆಲಸ ಉಪದೇಶಿಯದು ಮಾತ್ರವಲ್ಲ. ಸಭೆಯ ತಾಯಂದಿರು ಜಂಖಾನೆಯ ಮೇಲೆ ಸರಿದು ಪಕ್ಕದಲ್ಲಿ ಸ್ಥಳ ಮಾಡಲಿ. ಒಂದು ದಿನ ಆಕೆಯ ಮನೆಯ ರೊಟ್ಟಿಯನ್ನೂ ಉಣ್ಣಲಿ. ಮಕ್ಕಳನ್ನು ದೀಕ್ಷಾಸ್ನಾನಕ್ಕೆ ತಂದಾಗ ತಂದೆಯ ಹೆಸರಿಗಾಗಿ ಸಭೆಯ ಮುಂದೆ ಪೀಡಿಸಬೇಡಿರಿ. ಮತ್ತಾಯನು ನಮ್ಮ ಕರ್ತನ ವಂಶಾವಳಿಯನ್ನು ಬರೆಯುವಾಗ ಬೋವಜನ ತಾಯಿಯಾದ ರಹಾಬಳ ಹೆಸರನ್ನು ಬರೆದನು. ನಮ್ಮ ಪಟ್ಟಿಯಲ್ಲಿಯೂ ತಾಯಿಯ ಹೆಸರನ್ನು ಬರೆದರೆ ಸಾಕು.