ಮರದ ಹಲಗೆ ಅಣಬೆ: ಗುರುತಿಸುವಿಕೆ ಮತ್ತು ಗ್ರಾಮ ಪಂಚಾಯಿತಿಯ ಕರ್ತವ್ಯ

(ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಭ್ಯಾಸ ಲೇಖನ)

ನಮ್ಮ ತಾಲ್ಲೂಕುಗಳಲ್ಲಿ ಶಾಲೆ, ಅಂಗನವಾಡಿ, ಬಸ್ ತಂಗುದಾಣಗಳಿಗೆ ಹಳೆಯ ಮರಗಳೇ ನೆರಳು. ಇಂತಹ ಮರದ ಕಾಂಡದಿಂದ ಗೋಡೆಯ ಹಲಗೆಯಂತೆ ಹೊರಚಾಚಿದ ಗಟ್ಟಿ ಅಣಬೆಯನ್ನು ಮಾನ್ಯ ಸದಸ್ಯರು ಕಂಡಿರಬಹುದು. ಅದನ್ನು ಕೆತ್ತಿ ತೆಗೆದರೆ ಮರ ಗುಣವಾಗುವುದೆಂಬ ನಂಬಿಕೆಯಾಗಲಿ, ಕಂಡೊಡನೆ ಮರ ಕಡಿಯಬೇಕೆಂಬ ಆತುರವಾಗಲಿ ಸರಿಯಲ್ಲ.

1. ಅಣಬೆ ಸೂಚಿಸುವುದೇನು?
ಹೊರಗೆ ಕಾಣುವುದು ಬೀಜಕಗಳನ್ನು ಚೆಲ್ಲುವ ಭಾಗ ಮಾತ್ರ. ಶಿಲೀಂಧ್ರದ ದೇಹವು ನೂಲಿನಂತಹ ಎಳೆಗಳಾಗಿ ಮರದೊಳಗೆ ಹಬ್ಬಿರುತ್ತದೆ. ಕಡಿದ ಕೊಂಬೆ, ಸುಟ್ಟ ಬುಡ, ಚರಂಡಿ ಅಗೆಯುವಾಗ ತುಂಡಾದ ಬೇರು ಮುಂತಾದ ಗಾಯಗಳ ಮೂಲಕ ಒಳಹೊಕ್ಕು ಕಟ್ಟಿಗೆಯನ್ನು ಕೊಳೆಸುತ್ತದೆ. ಅಣಬೆ ಹೊರಬರುವ ವೇಳೆಗೆ ಒಳಗಿನ ಕೊಳೆತ ಸಾಮಾನ್ಯವಾಗಿ ಬಹಳ ಮುಂದುವರಿದಿರುತ್ತದೆ. ನೀರನ್ನು ಮೇಲೊಯ್ಯುವುದು ಹೊರಪದರದ ಕಟ್ಟಿಗೆ. ಆದುದರಿಂದ ಒಳಗೆ ಟೊಳ್ಳಾದ ಮರವೂ ಹಸಿರಾಗಿಯೇ ಇರಬಹುದು.

2. ಮಳೆಗಾಲಕ್ಕೆ ಮುನ್ನ ಪರಿಶೀಲನೆ
ಅ) ಅಣಬೆ ಬುಡದಲ್ಲಿ ಅಥವಾ ಬೇರಿನ ಮೇಲಿದ್ದರೆ ಅಪಾಯ ಹೆಚ್ಚು, ಒಣಕೊಂಬೆಯ ಮೇಲಷ್ಟೇ ಇದ್ದರೆ ಕೊಂಬೆ ತೆಗೆಯುವುದೇ ಸಾಕಾಗಬಹುದು.
ಆ) ಮರದ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬರುವುದೇ?
ಇ) ಮರ ಹೊಸದಾಗಿ ವಾಲಿದೆಯೇ? ಬುಡದ ಮಣ್ಣು ಬಿರಿದಿದೆಯೇ?
ಈ) ಮರ ಬಿದ್ದರೆ ಯಾರ ಮೇಲೆ, ಯಾವುದರ ಮೇಲೆ ಬೀಳುವುದು? ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ.

3. ಕೈಗೊಳ್ಳಬೇಕಾದ ಕ್ರಮ
ಅಪಾಯ ಕಂಡುಬಂದಲ್ಲಿ ಮೊದಲು ಮರದ ಕೆಳಗೆ ಜನ ಸೇರದಂತೆ ತಡೆಯೊಡ್ಡಬೇಕು. ಛಾಯಾಚಿತ್ರ ಸಹಿತ ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ಜೀವ ಅಥವಾ ಆಸ್ತಿಗೆ ಅಪಾಯಕಾರಿಯಾದ ಮರಕ್ಕೆ ಅನುಮತಿ ನೀಡಲು ಕಾಯ್ದೆಯಲ್ಲಿಯೇ ಅವಕಾಶವಿದೆ. ಪಂಚಾಯಿತಿಯ ಠರಾವು ಮಾತ್ರದಿಂದ ಮರ ಕಡಿಯುವಂತಿಲ್ಲ.

4. ಕಾಡಿನ ಮರ
ಕಾಡಿನೊಳಗೆ ಇದೇ ಅಣಬೆ ಉಪಕಾರಿ. ಸತ್ತ ಕಟ್ಟಿಗೆಯನ್ನು ಮಣ್ಣಿಗೆ ಮರಳಿಸುವುದು ಅದೇ. ಮಂಗಟ್ಟೆ ಹಕ್ಕಿಯು ಪೊಟರೆಯನ್ನು ತಾನೇ ಕೊರೆಯಲಾರದು. ಹಳೆಯ ಮರ ಕೊಳೆತು ಉಂಟಾದ ಪೊಟರೆಯಲ್ಲಿ ಗೂಡು ಮಾಡುತ್ತದೆ. ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಗಿದೆ. ಜನಸಂಚಾರವಿಲ್ಲದೆಡೆಯ ಟೊಳ್ಳು ಮರವನ್ನು ಹಾಗೆಯೇ ಬಿಡುವುದು ಯುಕ್ತ.

5. ಅಡಿಕೆ ತೋಟ
ಅಡಿಕೆಯ ‘ಅಣಬೆ ರೋಗ’ಕ್ಕೆ ಕಾರಣವೂ ಗ್ಯಾನೊಡರ್ಮಾ ಎಂಬ ಹಲಗೆ ಅಣಬೆಯೇ. ಇದು ಬೇರಿನಿಂದ ಬೇರಿಗೆ ಹರಡುತ್ತದೆ. ಸತ್ತ ಮರವನ್ನು ಬೇರುಸಹಿತ ಕಿತ್ತು ನಾಶಪಡಿಸುವಂತೆಯೂ, ರೋಗಪೀಡಿತ ಮರದ ಸುತ್ತ ಸುಮಾರು 60 ಸೆಂ.ಮೀ. ಆಳದ ಕಂದಕ ತೆಗೆದು ಅದನ್ನು ಪ್ರತ್ಯೇಕಿಸುವಂತೆಯೂ ಬೆಳೆಗಾರರಿಗೆ ತಿಳಿಸಬೇಕು.

ಚರ್ಚೆಗೆ: ತಮ್ಮ ವಾರ್ಡಿನಲ್ಲಿ ಮಕ್ಕಳು ದಿನವೂ ಕುಳಿತುಕೊಳ್ಳುವ ಮರಗಳು ಎಷ್ಟು? ಅವುಗಳಲ್ಲಿ ಬುಡ ಪರಿಶೀಲಿಸಲ್ಪಟ್ಟವು ಎಷ್ಟು? ಮುಂದಿನ ಸಾಮಾನ್ಯ ಸಭೆಯೊಳಗೆ ಪಟ್ಟಿ ಸಿದ್ಧಪಡಿಸಿ ಮಂಡಿಸಲು ಕೋರಿದೆ.